ಕಡಿಮೆ ಬಜೆಟ್‌ನಲ್ಲಿ ರೋಡ್ ಬೈಕ್ ಗ್ರೂಪ್‌ಸೆಟ್ ಬದಲಿಸುವುದು ಹೇಗೆ: ಹಿಂಚಕ್ರದಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ಗ್ರೂಪ್‌ಸೆಟ್ (ಸೈಕಲಿನ ಗೇರು, ಬ್ರೇಕ್, ಕ್ರ್ಯಾಂಕ್, ಚೈನ್ ಸೇರಿದ ಸೆಟ್) ಬದಲಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಖರೀದಿಯ ಕ್ರಮದಲ್ಲಿ. ಮೊದಲು ಶಿಫ್ಟರ್ (ಗೇರು ಬದಲಿಸುವ ಲಿವರ್) ಕೊಳ್ಳುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದೂ ಕೈಗೆ ಸಿಗುವುದೂ ಅದೇ. ಆಮೇಲೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬರುತ್ತದೆ, ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗುಚ್ಛ) ಬರುತ್ತದೆ, ಮತ್ತು ಆ ಕ್ಯಾಸೆಟ್ ತಮ್ಮ ಹಿಂಚಕ್ರದ ನಡುವಿನ ಹಬ್‌ಗೆ ಕೂರುವುದಿಲ್ಲವೆಂಬುದು ಎಲ್ಲ ಹಣ ಖರ್ಚಾದ ಮೇಲೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಚಕ್ರ, ಚಕ್ರದ ಜತೆಗೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳುಗಳು ಮತ್ತು ಮುಂದಿನ ಹಲ್ಲುಗಾಲಿಗಳು) ಎಂದು ಖರ್ಚು ಹನುಮಂತನ ಬಾಲದಂತೆ ಬೆಳೆಯುತ್ತದೆ.

ಈ ಮಾರ್ಗದರ್ಶಿ 7, 8 ಅಥವಾ 9 ಸ್ಪೀಡಿನ (ಹಿಂದೆ ಅಷ್ಟು ಹಲ್ಲುಗಾಲಿಗಳಿರುವ), ಕೇಬಲ್‌ನಿಂದ ನಡೆಯುವ ಗೇರು ಮತ್ತು ಬ್ರೇಕ್ ಇರುವ ರೋಡ್ ಬೈಕ್‌ಗಳಿಗೆ ಸಂಬಂಧಿಸಿದ್ದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಓಡುವ ಸೈಕಲ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಐದನೆಯ ಹಂತ ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಹಂತ 1: ಯಾವ ತೊಂದರೆ ತೀರಬೇಕೆಂದು ಬರೆದಿಡಿ

ಒಂದೇ ವಾಕ್ಯದಲ್ಲಿ ಬರೆಯಿರಿ. "ಏರಿನಲ್ಲಿ ಗೇರು ಸಾಲುವುದಿಲ್ಲ", "ಗಾಳಿಗೆ ಎದುರಾಗಿ ಹೊರಟರೆ ಒಂದು ಗೇರು ಭಾರ, ಇನ್ನೊಂದು ಹಗುರ", "ಗೇರು ತಾನಾಗಿಯೇ ಜಿಗಿಯುತ್ತದೆ" ಎಂಬ ಮೂರೂ ಬೇರೆ ಬೇರೆ ರೋಗಗಳು, ಮೂರಕ್ಕೂ ಮದ್ದು ಬೇರೆ.

ಧಾರವಾಡದಿಂದ ಹಳಿಯಾಳ, ದಾಂಡೇಲಿ ಕಡೆಗೆ ಹೋಗುವವರಿಗೆ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಮತ್ತೆ ಹತ್ತುವವರಿಗೆ ಬೇಕಾಗಿರುವುದು ಹಗುರ ಗೇರು. ಇದನ್ನು ಲೆಕ್ಕ ಹಾಕಿ ನೋಡಬಹುದು. ಮುಂದಿನ ಚಿಕ್ಕ ಹಲ್ಲುಗಾಲಿಯಲ್ಲಿ 34 ಹಲ್ಲು, ಹಿಂದಿನ ದೊಡ್ಡದರಲ್ಲಿ 28 ಹಲ್ಲು ಇದ್ದು, ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ, ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದು ಹಿಡಿದಾಗ, ಗಂಟೆಗೆ ಸುಮಾರು 9.2 ಕಿ.ಮೀ. ವೇಗ ಇರಲೇಬೇಕಾಗುತ್ತದೆ. ಹಿಂದಿನ ಹಲ್ಲು 34 ಆದರೆ ಅದೇ ತುಳಿತಕ್ಕೆ ಗಂಟೆಗೆ ಸುಮಾರು 7.6 ಕಿ.ಮೀ. ಸಾಕು. ಘಟ್ಟದಲ್ಲಿ ಇಳಿದು ತಳ್ಳುವವನಿಗೂ ಕುಳಿತೇ ಹತ್ತುವವನಿಗೂ ನಡುವೆ ಇರುವುದು ಇಷ್ಟೇ ವ್ಯತ್ಯಾಸ, ಮತ್ತು ಇದಕ್ಕೆ ಹಲವು ಸಂದರ್ಭಗಳಲ್ಲಿ ಕ್ಯಾಸೆಟ್ ಮತ್ತು ಚೈನ್ ಬದಲಿಸಿದರೆ ಮುಗಿಯಿತು, ಗ್ರೂಪ್‌ಸೆಟ್ಟೇ ಬೇಕಿಲ್ಲ. 8 ಸ್ಪೀಡಿನಲ್ಲಿಯೂ 11-32, 11-34 ಕ್ಯಾಸೆಟ್‌ಗಳು (ಚಿಕ್ಕ ಹಲ್ಲುಗಾಲಿಯಲ್ಲಿ 11, ದೊಡ್ಡದರಲ್ಲಿ 32 ಅಥವಾ 34 ಹಲ್ಲು) ಸಿಗುತ್ತವೆ.

ಗದಗ, ನರಗುಂದ, ನವಲಗುಂದದ ಬಯಲಿನಲ್ಲಿ ಓಡಿಸುವವರ ಮಾತು ಬೇರೆ. ಅಲ್ಲಿ ಏರಿಗಿಂತ ಗಾಳಿಯೇ ಕಾಟ. ಹಲ್ಲುಗಳ ನಡುವಿನ ಅಂತರ ಚಿಕ್ಕದಾಗಿರುವ ಕ್ಯಾಸೆಟ್ ಇದ್ದರೆ ತುಳಿತದ ಲಯ ಕೆಡುವುದಿಲ್ಲ. ಅಂಥವರಿಗೆ 8ರಿಂದ 10 ಅಥವಾ 11 ಸ್ಪೀಡಿಗೆ ಹೋಗುವುದರಲ್ಲಿ ನಿಜವಾದ ಅರ್ಥವಿದೆ.

"ಸೈಕಲ್ ಹಗುರವಾಗಬೇಕು" ಎಂಬುದು ನಿಮ್ಮ ವಾಕ್ಯವಾಗಿದ್ದರೆ ಇಲ್ಲಿಯೇ ನಿಲ್ಲಿ. ಈ ಬಜೆಟ್‌ನಲ್ಲಿ ಗ್ರೂಪ್‌ಸೆಟ್‌ನಿಂದ ಇಳಿಯುವ ತೂಕ ಎರಡು ನೀರಿನ ಬಾಟಲಿಗಿಂತ ಕಡಿಮೆ. ಅದೇ ಹಣಕ್ಕೆ ಒಳ್ಳೆಯ ಟಯರ್ ಹಾಕಿಸಿದರೆ ಓಡಿಸುವಾಗ ಗೊತ್ತಾಗುವಷ್ಟು ವ್ಯತ್ಯಾಸ ಕಾಣುತ್ತದೆ.

ಹಂತ 2: ಇರುವುದರ ಸವೆತ ಅಳೆಯಿರಿ

ಗೇರು ಸರಿಯಾಗಿ ಬೀಳುವುದಿಲ್ಲವೆಂದು ಗ್ರೂಪ್‌ಸೆಟ್ ಬದಲಿಸುವ ಮುನ್ನ ಚೈನ್, ಕೇಬಲ್ ಮತ್ತು ಹ್ಯಾಂಗರ್ ಈ ಮೂರನ್ನು ನೋಡಲೇಬೇಕು.

ಚೈನ್ ಅಳೆಯಲು ಅಂಗಡಿಯ ಗೇಜ್ ಇಲ್ಲದಿದ್ದರೂ ನಡೆಯುತ್ತದೆ, ಇಂಚಿನ ಗುರುತಿರುವ ಒಂದು ಸ್ಟೀಲ್ ಸ್ಕೇಲ್ ಸಾಕು. ಚೈನನ್ನು ಒರೆಸಿ, ಬಿಗಿಯಾಗಿರುವ ಭಾಗದ ಮೇಲೆ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿಯಿರಿ. ಅಲ್ಲಿಂದ 24ನೆಯ ಪಿನ್ನಿನ ನಡುಮಧ್ಯ ಸರಿಯಾಗಿ 12 ಇಂಚಿಗೆ ಬಂದರೆ ಚೈನ್ ಹೊಸದರಂತಿದೆ. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು, ಅಂದರೆ ಸುಮಾರು ಒಂದೂವರೆ ಮಿ.ಮೀ. ಮುಂದೆ ಸರಿದಿದ್ದರೆ ಸವೆತ ಶೇ. 0.5 ಮುಟ್ಟಿದೆ. 11 ಸ್ಪೀಡಿನ ಚೈನನ್ನು ಅಷ್ಟಕ್ಕೇ ಬದಲಿಸಬೇಕು. 8, 9 ಸ್ಪೀಡಿನದು ಶೇ. 0.75ರವರೆಗೆ ತಡೆಯುತ್ತದೆ. ಪೂರ್ತಿ ಮೂರು ಮಿ.ಮೀ. ಸರಿದಿದ್ದರೆ ಕ್ಯಾಸೆಟ್ ಕೂಡ ಹೋಗಿದೆ ಎಂದೇ ತಿಳಿಯಿರಿ.

ಗೇರ್ ಕೇಬಲ್‌ನಲ್ಲಿ ನೋಡಬೇಕಾದ ಜಾಗ ಎರಡು. ಒಂದು, ಶಿಫ್ಟರಿನ ತಲೆಯೊಳಗೆ ಕೇಬಲ್ ತಿರುಗುವ ಜಾಗ. ಅಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತಿರುತ್ತವೆ. ಇನ್ನೊಂದು, ಹಿಂದಿನ ಡಿರೇಲರ್ ಬಳಿಯ ಕೊನೆಯ ಔಟರ್ (ಕೇಬಲಿನ ಹೊರಕವಚ) ತುಂಡು. ಮಳೆಗಾಲದಲ್ಲಿ ಎರೆಮಣ್ಣಿನ ನೀರು ಸೇರಿ ಒಣಗಿ ಕೇಬಲನ್ನು ಒಳಗೇ ಹಿಡಿದುಕೊಳ್ಳುತ್ತದೆ. ಹೊಸ ಕೇಬಲ್, ಹೊಸ ಔಟರ್ ಹಾಕಿದ ಮೇಲೆ ಗ್ರೂಪ್‌ಸೆಟ್ ಕೊಳ್ಳುವ ಆಸೆಯೇ ಇಳಿದುಹೋದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.

ಹ್ಯಾಂಗರ್ ಎಂದರೆ ಡಿರೇಲರ್ ನೇತುಬೀಳುವ ಚಿಕ್ಕ ಅಲ್ಯೂಮಿನಿಯಂ ಕೊಂಡಿ. ಬಸ್ಸಿನ ಡಿಕ್ಕಿಯಲ್ಲಿ ಸೈಕಲನ್ನು ಬಲಮಗ್ಗುಲಿಗೆ ಮಲಗಿಸಿ ತಂದರೆ ಸಾಕು, ಅದು ಬಾಗುತ್ತದೆ. ಸೈಕಲ್ ಹಿಂದೆ ಕುಳಿತು ನೋಡಿ: ಡಿರೇಲರಿನ ಎರಡು ಪುಟ್ಟ ಗಾಲಿಗಳೂ ಮೇಲಿನ ಹಲ್ಲುಗಾಲಿಯೂ ಒಂದೇ ನೇರದಲ್ಲಿ ನಿಂತಿರಬೇಕು. ಬಾಗಿದ ಹ್ಯಾಂಗರಿಗೆ ಎಷ್ಟೇ ಬೆಲೆಯ ಡಿರೇಲರ್ ಕಟ್ಟಿದರೂ ಗೇರು ನೆಟ್ಟಗೆ ಬೀಳುವುದಿಲ್ಲ.

ಹಂತ 3: ಹಿಂದಿನ ಹಬ್ ಏನನ್ನು ಒಪ್ಪುತ್ತದೆಂದು ತಿಳಿಯಿರಿ

ಬಜೆಟ್ ನಿಜವಾಗಿ ನಿರ್ಧಾರವಾಗುವುದು ಇಲ್ಲಿ, ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ.

ಮೊದಲು ಫ್ರೀವೀಲೋ (ಹಬ್ಬಿಗೆ ತಿರುಚಿ ಕೂರಿಸುವ ಹಲ್ಲುಗಾಲಿ ಗುಚ್ಛ) ಕ್ಯಾಸೆಟ್ಟೋ (ಹಬ್ಬಿನ ಮೇಲೆ ಜಾರಿಸಿ ಕೂರಿಸುವುದು) ಎಂದು ನೋಡಬೇಕು. ಚಕ್ರ ಬಿಚ್ಚಿ, ಹಲ್ಲುಗಾಲಿಗಳನ್ನು ಹಿಂದಕ್ಕೆ ತಿರುಗಿಸಿ, ನಡುವೆ ಟೂಲ್ ಕೂರುವ ಕಚ್ಚುಗಳ ಮೇಲೆ ಕಣ್ಣಿಡಿ. ಹಲ್ಲುಗಳ ಜತೆ ಆ ಕಚ್ಚುಗಳೂ ತಿರುಗಿದರೆ ಅದು ಕ್ಯಾಸೆಟ್. ಕಚ್ಚುಗಳು ಸುಮ್ಮನೆ ನಿಂತು ಹಲ್ಲುಗಳಷ್ಟೇ ತಿರುಗಿದರೆ ಅದು ಫ್ರೀವೀಲ್. ಅಗ್ಗದ 7 ಸ್ಪೀಡ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಫ್ರೀವೀಲ್ ಇರುತ್ತದೆ. ಅದಕ್ಕೆ 8 ಅಥವಾ 9 ಸ್ಪೀಡಿನ ಫ್ರೀವೀಲ್ ಹಾಕಲು ಬರುತ್ತದೆ, ಆದರೆ ಬಲಗಡೆಯ ಬೇರಿಂಗ್ ತುಂಬ ಒಳಗಿರುವುದರಿಂದ ಆಕ್ಸಲ್ ಬಾಗುವ ಸಾಧ್ಯತೆ ಹೆಚ್ಚು. ಫ್ರೀವೀಲ್ ಇದ್ದವರು ಹೊಸ ಹಿಂಚಕ್ರವನ್ನು ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿಯೇ ಬರೆಯಬೇಕು. ಚಕ್ರ ಕೊಳ್ಳುವ ಮುನ್ನ ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವಿನ ಅಂತರವನ್ನೂ ಅಳೆಯಿರಿ: ರಿಮ್ ಬ್ರೇಕ್ ರೋಡ್ ಬೈಕ್‌ನಲ್ಲಿ ಸಾಮಾನ್ಯವಾಗಿ 130 ಮಿ.ಮೀ., ಕ್ವಿಕ್ ರಿಲೀಸ್ ಇರುವ ಡಿಸ್ಕ್ ಬೈಕ್‌ನಲ್ಲಿ 135 ಮಿ.ಮೀ.

ಕ್ಯಾಸೆಟ್ ಇದ್ದರೆ ಹಬ್ಬಿನ ಉದ್ದ, ಅಂದರೆ ಅದರಲ್ಲಿ ಕ್ಯಾಸೆಟ್ ಕೂರುವ ಭಾಗದ ಉದ್ದ ಮುಖ್ಯ. ಶಿಮಾನೋ (ಜಪಾನಿನ ಬಿಡಿಭಾಗ ಕಂಪನಿ) ಮಾದರಿಯ 8, 9, 10 ಸ್ಪೀಡಿನ ಹಬ್ ಒಂದೇ ಉದ್ದ; 11 ಸ್ಪೀಡಿನ ರೋಡ್ ಹಬ್ ಅದಕ್ಕಿಂತ 1.85 ಮಿ.ಮೀ. ಉದ್ದ. ಉದ್ದನೆಯ ಹಬ್ಬಿನ ಮೇಲೆ ಹಳೆಯ ಕ್ಯಾಸೆಟ್ ಹಾಕಲು 1.85 ಮಿ.ಮೀ. ಸ್ಪೇಸರ್ ಇಟ್ಟರೆ ಆಯಿತು, ಆದರೆ ಚಿಕ್ಕ ಹಬ್ಬಿನ ಮೇಲೆ 11 ಸ್ಪೀಡಿನ ಸಾಮಾನ್ಯ ರೋಡ್ ಕ್ಯಾಸೆಟ್, ಅಂದರೆ 11-28, 11-30 ಮುಂತಾದವು ಕೂರುವುದಿಲ್ಲ. 7 ಸ್ಪೀಡ್ ಕ್ಯಾಸೆಟ್ ಇರುವವರು ಅದನ್ನು ಬಿಚ್ಚಿ ಹಿಂದೆ 4.5 ಮಿ.ಮೀ. ಸ್ಪೇಸರ್ ಇದೆಯೇ ನೋಡಬೇಕು. ಇದ್ದರೆ ಆ ಹಬ್ 8, 9, 10 ಸ್ಪೀಡನ್ನೂ ಒಪ್ಪುತ್ತದೆ.

ಇದಕ್ಕೊಂದು ವಿನಾಯಿತಿ ಇದೆ, ಮತ್ತು ಹಣ ಉಳಿಸುವವರಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಉಪಯುಕ್ತ ಸಂಗತಿ ಇನ್ನೊಂದಿಲ್ಲ. ಶಿಮಾನೋದ 11 ಸ್ಪೀಡ್, 11-34 ಹಲ್ಲಿನ ಎಚ್‌ಜಿ700 ಮತ್ತು ಎಚ್‌ಜಿ800 ಕ್ಯಾಸೆಟ್‌ಗಳು ಚಿಕ್ಕ ಹಬ್ಬಿನ ಉದ್ದಕ್ಕೇ ತಯಾರಾದವು. ಅವನ್ನು 8, 9, 10 ಸ್ಪೀಡಿನ ಹಬ್ಬಿಗೆ ಸ್ಪೇಸರ್ ಇಲ್ಲದೆ ನೇರವಾಗಿ ಹಾಕಬಹುದು. ಅಂದರೆ 8 ಸ್ಪೀಡಿನ ಹಳೆಯ ಚಕ್ರವನ್ನು ಉಳಿಸಿಕೊಂಡೇ 11 ಸ್ಪೀಡಿಗೆ ಹೋಗುವ ದಾರಿ ತೆರೆದಿದೆ, ಮತ್ತು ಅದೇ ಕ್ಯಾಸೆಟ್ ಘಟ್ಟಕ್ಕೂ ಒದಗುತ್ತದೆ. ಬಯಲಿನವರಿಗೆ ಮಾತ್ರ ಹಲ್ಲುಗಳ ಅಂತರ ತುಸು ದೊಡ್ಡದೆನಿಸಬಹುದು.

ಹಂತ 4: ಕೇಬಲ್ ಎಳೆತ ಹೊಂದುತ್ತದೆಯೇ ನೋಡಿ

ಶಿಫ್ಟರ್ ಒಂದು ಬಾರಿ ಟಕ್ ಎಂದಾಗ ಇಷ್ಟೇ ಉದ್ದ ಕೇಬಲ್ ಎಳೆಯುತ್ತದೆ, ಡಿರೇಲರ್ ಅದಕ್ಕೆ ಇಷ್ಟೇ ದೂರ ಸರಿಯುತ್ತದೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಎರಡು ಗೇರು ಸರಿಯಾಗಿ ಬಿದ್ದು ಮೂರನೆಯದು ನಡುವೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಟ್ಯೂನ್ ಮಾಡಿದರೂ ಇದು ಸರಿಹೋಗುವುದಿಲ್ಲ.

ಶಿಮಾನೋದ ಗ್ರೂಪ್‌ಸೆಟ್ ಸರಣಿಗಳಲ್ಲಿ ಕ್ಲಾರಿಸ್ 8 ಸ್ಪೀಡ್, ಸೋರಾ 9 ಸ್ಪೀಡ್ ಮತ್ತು ಹಳೆಯ 10 ಸ್ಪೀಡ್ ಟಿಯಾಗ್ರಾ 4600, 105 (ಇದೂ ಸರಣಿಯ ಹೆಸರೇ) 5700ರ ಹಿಂದಿನ ಡಿರೇಲರ್‌ಗಳು ಒಂದೇ ಲೆಕ್ಕದವು. ಟಿಯಾಗ್ರಾ 4700 ಹತ್ತು ಸ್ಪೀಡೇ ಆದರೂ ಎಳೆತದಲ್ಲಿ 11 ಸ್ಪೀಡಿನ ಕುಟುಂಬಕ್ಕೆ ಸೇರಿದ್ದು. 4700ರ ಶಿಫ್ಟರ್ ತಂದು 4600ರ ಡಿರೇಲರಿಗೆ ಕಟ್ಟುವುದು ಸೆಕೆಂಡ್‌ಹ್ಯಾಂಡ್ ಕೊಳ್ಳುವವರ ಅತಿ ಸಾಮಾನ್ಯ ತಪ್ಪು. ಎರಡರ ಮೇಲೂ "ಟಿಯಾಗ್ರಾ" ಎಂದೇ ಬರೆದಿರುತ್ತದೆ. ಹೆಸರು ಬಿಟ್ಟು ಭಾಗದ ಹಿಂಬದಿಯಲ್ಲಿ ಕೆತ್ತಿರುವ ಸಂಖ್ಯೆ ಓದಿ. ಮುಂದಿನ ಡಿರೇಲರನ್ನೂ ಶಿಫ್ಟರಿನ ಕುಟುಂಬದಿಂದಲೇ ತೆಗೆದುಕೊಳ್ಳಿ. ಶಿಮಾನೋದ ಕ್ಯೂಸ್ ಸರಣಿಯ ಲೆಕ್ಕವೇ ಬೇರೆ, ಅದನ್ನು ಹಳೆಯ ಭಾಗಗಳ ಜತೆ ಬೆರೆಸಬೇಡಿ.

ಸೆನ್ಸಾ, ಎಲ್-ಟೂ ಕಂಪನಿಗಳ ಅಗ್ಗದ ಸೆಟ್‌ಗಳನ್ನು ಕೊಳ್ಳುವುದಾದರೆ ಶಿಫ್ಟರ್ ಮತ್ತು ಡಿರೇಲರ್ ಎರಡನ್ನೂ ಅದೇ ಮಾದರಿಯ ಜೋಡಿಯಾಗಿಯೇ ಕೊಳ್ಳಬೇಕು. ಕ್ಯಾಸೆಟ್ ಮತ್ತು ಚೈನ್ ಶಿಮಾನೋದ್ದೇ ಆದರೂ ನಡೆಯುತ್ತದೆ.

ಡಿರೇಲರಿನ ಸಾಮರ್ಥ್ಯವನ್ನೂ, ಅಂದರೆ ಅದು ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯಬಲ್ಲದೆಂಬುದನ್ನೂ, ಇಲ್ಲಿಯೇ ಲೆಕ್ಕ ಹಾಕಿ. ಮುಂದೆ 50-34, ಹಿಂದೆ 11-34 ಇದ್ದರೆ, 50ರಲ್ಲಿ 34 ಕಳೆದರೆ 16, 34ರಲ್ಲಿ 11 ಕಳೆದರೆ 23, ಒಟ್ಟು 39. 105 ಆರ್7000ರಲ್ಲಿ ಜಿಎಸ್ ಎಂಬ ಗುರುತಿನ ಉದ್ದ ಕೇಜ್ (ಎರಡು ಪುಟ್ಟ ಗಾಲಿಗಳಿರುವ ತೋಳು) ಡಿರೇಲರ್ ಈ 39ನ್ನು ತಡೆಯುತ್ತದೆ, ಎಸ್‌ಎಸ್ ಎಂಬ ಗಿಡ್ಡದು ತಡೆಯುವುದಿಲ್ಲ. ಹಂತ 1ರಲ್ಲಿ ಕ್ಯಾಸೆಟ್ ಮಾತ್ರ ಬದಲಿಸಲು ತೀರ್ಮಾನಿಸಿದವರೂ ತಮ್ಮ ಡಿರೇಲರಿಗೆ ಈ ಲೆಕ್ಕ ಹಾಕಿಯೇ ಅಂಗಡಿಗೆ ಹೋಗಬೇಕು.

ಹಂತ 5: ಬ್ರೇಕ್ ಮತ್ತು ಕ್ರ್ಯಾಂಕ್

ಶಿಫ್ಟರ್ ಬದಲಾದರೆ ಬ್ರೇಕ್ ಲಿವರೂ ಬದಲಾದಂತೆ. ರೋಡ್ ಲಿವರುಗಳು ವಿ-ಬ್ರೇಕಿಗೆ (ಉದ್ದ ತೋಳುಗಳ ರಿಮ್ ಬ್ರೇಕ್) ಬೇಕಾದಷ್ಟು ಕೇಬಲ್ ಎಳೆಯುವುದಿಲ್ಲ. ಕೇಬಲ್ ಡಿಸ್ಕ್ ಇದ್ದರೆ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ರೋಡ್ ಲಿವರಿಗೆ ಹೊಂದುವ ಮಾದರಿಯೇ ಆಗಿರಬೇಕು. ಹೊಸ 12 ಸ್ಪೀಡಿನ 105 ಆರ್7100 ಶಿಫ್ಟರ್‌ಗಳು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಮಾತ್ರ ಇರುವುದರಿಂದ ರಿಮ್ ಬ್ರೇಕಿನವರು ಆ ಆಸೆ ಬಿಡುವುದೇ ಒಳ್ಳೆಯದು.

ಕ್ರ್ಯಾಂಕ್ ಚೆನ್ನಾಗಿದ್ದರೆ ಬಿಟ್ಟುಬಿಡಿ. 8 ಸ್ಪೀಡಿನ ಕ್ರ್ಯಾಂಕ್ 9ಕ್ಕೆ ತೊಂದರೆಯಿಲ್ಲದೆ ನಡೆಯುತ್ತದೆ, 10ಕ್ಕೂ ಬಹುಮಟ್ಟಿಗೆ ನಡೆಯುತ್ತದೆ. 11ಕ್ಕೆ ಹೋಗುವವರು ಮೊದಲು ಹಳೆಯದನ್ನೇ ಇಟ್ಟು ಓಡಿಸಿ, ಮುಂದಿನ ಗೇರು ಸರಿಯಾಗಿ ಬೀಳದಿದ್ದರೆ ಮಾತ್ರ ಬದಲಿಸಬಹುದು.

ಹಂತ 6: ಮೂರು ದಾರಿಗಳಲ್ಲಿ ಒಂದನ್ನು ಆರಿಸಿ

ಮೊದಲ ದಾರಿ, ಕ್ಯಾಸೆಟ್, ಚೈನ್, ಕೇಬಲ್, ಔಟರ್ ಮಾತ್ರ. ಏರಿನ ತೊಂದರೆ ಇರುವವರಿಗೂ ಗೇರು ಜಿಗಿಯುವವರಿಗೂ ಇದು ಸಾಕು. ಇಲ್ಲಿಗೆ ಬಂದ ಓದುಗರಲ್ಲಿ ಅರ್ಧದಷ್ಟು ಜನ ಇದನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ದಾರಿ, ಚಕ್ರ ಉಳಿಸಿಕೊಂಡು ಟಿಯಾಗ್ರಾ 4700 ಹತ್ತು ಸ್ಪೀಡ್, ಅಥವಾ 11-34 ಕ್ಯಾಸೆಟ್‌ನೊಂದಿಗೆ 105 ಆರ್7000 ಹನ್ನೊಂದು ಸ್ಪೀಡ್. ಶಿಫ್ಟರ್, ಎರಡು ಡಿರೇಲರ್, ಕ್ಯಾಸೆಟ್, ಚೈನ್ ಮಾತ್ರ ಕೊಳ್ಳಬೇಕು. ಕೈಯಲ್ಲಿರುವ ಹಣಕ್ಕೆ ಹೆಚ್ಚಿನ ಪ್ರತಿಫಲ ಇಲ್ಲಿ.

ಮೂರನೆಯ ದಾರಿ, ಚಕ್ರವನ್ನೂ ಸೇರಿಸಿ ಪೂರ್ತಿ ಸೆಟ್. ಇದರ ಮೊತ್ತ ನಿಮ್ಮ ಸೈಕಲನ್ನು ಇಂದು ಮಾರಿದರೆ ಬರುವ ಬೆಲೆಯನ್ನು ದಾಟಿದರೆ, ಸೈಕಲನ್ನೇ ಮಾರಿ ಒಳ್ಳೆಯ ಗ್ರೂಪ್‌ಸೆಟ್ ಇರುವ ಬಳಸಿದ ಸೈಕಲ್ ಕೊಳ್ಳುವುದು ಜಾಣತನ.

8ರಿಂದ 9ಕ್ಕೆ, ಅಂದರೆ ಕ್ಲಾರಿಸ್‌ನಿಂದ ಸೋರಾಕ್ಕೆ ಹೋಗುವ ದಾರಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಒಂದು ಹಲ್ಲುಗಾಲಿಗಾಗಿ ಶಿಫ್ಟರ್, ಕ್ಯಾಸೆಟ್, ಚೈನ್ ಎಲ್ಲವನ್ನೂ ಬದಲಿಸುವುದು ಹಣಕ್ಕೆ ತಕ್ಕ ಕೆಲಸವಲ್ಲ. ಹಳೆಯ ಶಿಫ್ಟರ್ ಮುರಿದೇ ಹೋಗಿದ್ದರೆ ಮಾತು ಬೇರೆ.

ಯಾವ ದಾರಿಯೇ ಆಗಲಿ, ಕೈಯಲ್ಲಿರುವ ಹಣದ ಐದನೆಯ ಒಂದು ಭಾಗವನ್ನು ಕೇಬಲ್, ಔಟರ್, ಹ್ಯಾಂಡಲ್ ಟೇಪ್, ಹೆಚ್ಚುವರಿ ಹ್ಯಾಂಗರ್, ಕೂಲಿ ಇವುಗಳಿಗೆ ಮೊದಲೇ ತೆಗೆದಿಡಿ. ಪಟ್ಟಿಯಲ್ಲಿ ಮರೆತುಹೋಗುವುದು ಸದಾ ಇವೇ.

ಹಂತ 7: ಕೊಳ್ಳುವಾಗ

ಶಿಫ್ಟರ್ ಕೊಳ್ಳುವ ಮುನ್ನ ಅದಕ್ಕೆ ಬೇಕಾದ ಚೈನ್ ಮತ್ತು ಕ್ಯಾಸೆಟ್ ಹುಬ್ಬಳ್ಳಿಯಲ್ಲಿ ಸಿಗುತ್ತವೆಯೇ ಎಂದು ನಿಮ್ಮ ಅಂಗಡಿಯವರನ್ನು ಕೇಳಿ. ಚೈನ್‌ಗಾಗಿ ಪ್ರತಿ ಸಲ ಬೆಂಗಳೂರು ಅಥವಾ ಪುಣೆಯಿಂದ ಕೊರಿಯರ್ ಕಾಯುವುದಾದರೆ ಮೊದಲೇ ಎರಡು ಚೈನ್ ತರಿಸಿಡಿ.

ಬಳಸಿದ ಶಿಫ್ಟರ್ ನೋಡುವಾಗ ಅದನ್ನು ಕೈಯಲ್ಲಿ ಹಿಡಿದು, ಕೇಬಲ್ ಸಹಿತ, ಎಲ್ಲ ಟಕ್‌ಗಳನ್ನೂ ಮೇಲಕ್ಕೂ ಕೆಳಕ್ಕೂ ಎಣಿಸಿ. 10 ಸ್ಪೀಡಿನದಾದರೆ ಒಂಬತ್ತು ಟಕ್ ಇರಬೇಕು. ಲಿವರ್ ಒತ್ತಿದಾಗ ಖಾಲಿ ಹೋಗಿ ಎರಡನೆಯ ಸಲ ಹಿಡಿಯುವುದು ಒಳಗಿನ ಗ್ರೀಸ್ ಗಟ್ಟಿಯಾಗಿರುವ ಲಕ್ಷಣ. ಕೆಲವೊಮ್ಮೆ ತೊಳೆದರೆ ಸರಿಹೋಗುತ್ತದೆ, ಆದರೆ ಬೆಲೆ ಕಟ್ಟುವಾಗ ಅದನ್ನು ಕೆಟ್ಟದ್ದೆಂದೇ ಲೆಕ್ಕ ಹಿಡಿಯಿರಿ.

ಬಳಸಿದ ಅಲ್ಟೆಗ್ರಾ ಅಥವಾ ಡ್ಯುರಾ-ಏಸ್ (ಶಿಮಾನೋದ ಮೇಲ್ದರ್ಜೆಯ ಸರಣಿಗಳು) ಕ್ರ್ಯಾಂಕ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಂಟಿನಿಂದ ಜೋಡಿಸಿದ 11 ಸ್ಪೀಡಿನ ಕ್ರ್ಯಾಂಕ್‌ಗಳು ಬೇರ್ಪಡುವ ಅಪಾಯವಿದೆಯೆಂದು ಶಿಮಾನೋ 2023ರ ಸೆಪ್ಟೆಂಬರ್‌ನಲ್ಲಿ ತಪಾಸಣೆ ಪ್ರಕಟಿಸಿತು. 2019ರ ಜುಲೈಗಿಂತ ಮುಂಚೆ ತಯಾರಾದವು ಅದರಲ್ಲಿ ಸೇರಿವೆ. ತಪಾಸಣೆಯಾಗದ ಅಂಥ ಕ್ರ್ಯಾಂಕ್ ಬೇಡ. 105 ಆ ಪಟ್ಟಿಯಲ್ಲಿಲ್ಲ.

ಹಂತ 8: ಉಪಕರಣಗಳು

ಮನೆಯಲ್ಲಿ ಮಾಡುವವರಿಗೆ 4, 5, 6 ಮಿ.ಮೀ. ಅಲೆನ್ ಕೀ, ಚೈನ್ ತೆಗೆಯುವ ಟೂಲ್, ಚೈನ್ ವಿಪ್ (ಕ್ಯಾಸೆಟ್ ತಿರುಗದಂತೆ ಹಿಡಿಯುವ ಟೂಲ್), ಕ್ಯಾಸೆಟ್ ಲಾಕ್‌ರಿಂಗ್ ಟೂಲ್, ಒಳ್ಳೆಯ ಕೇಬಲ್ ಕಟ್ಟರ್, ಚಿಕ್ಕ ಸ್ಕ್ರೂಡ್ರೈವರ್ ಮತ್ತು ಗ್ರೀಸ್ ಬೇಕು. ಕ್ರ್ಯಾಂಕಿಗೂ ಅದು ತಿರುಗುವ ಬೇರಿಂಗ್ ಆದ ಬಾಟಮ್ ಬ್ರ್ಯಾಕೆಟ್‌ಗೂ ಕೈ ಹಾಕದಿದ್ದರೆ ಇಷ್ಟೇ ಸಾಕು. ಹ್ಯಾಂಗರ್ ನೇರ ಮಾಡುವ ಗೇಜ್ ಮತ್ತು ಬೋಲ್ಟನ್ನು ಹೇಳಿದಷ್ಟೇ ಬಿಗಿಮಾಡುವ ಟಾರ್ಕ್ ಪಾನಾ ದುಬಾರಿಯಾದ್ದರಿಂದ ಆ ಎರಡು ಕೆಲಸಗಳನ್ನು ಅಂಗಡಿಗೆ ಬಿಡಬಹುದು. ಅಂಗಡಿ ಆರಿಸುವಾಗ ಈ ಎರಡು ಉಪಕರಣ ಅಲ್ಲಿವೆಯೇ ಎಂದು ಕೇಳುವುದು ತಪ್ಪಲ್ಲ.

ಕೇಬಲ್ ಕತ್ತರಿಸಲು ಸಾಮಾನ್ಯ ಪಕ್ಕಡ್ ಬಳಸಬೇಡಿ. ಔಟರಿನ ಬಾಯಿ ಚಪ್ಪಟೆಯಾಗಿ ಕೇಬಲ್ ಉಜ್ಜುತ್ತದೆ. ಕತ್ತರಿಸಿದ ಮೇಲೆ ಒಳಗಿನ ಪ್ಲಾಸ್ಟಿಕ್ ನಳಿಗೆಯ ಬಾಯನ್ನು ದಬ್ಬಣದ ತುದಿಯಿಂದ ದುಂಡಗೆ ತೆರೆಯಿರಿ.

ಹಂತ 9: ಜೋಡಿಸುವ ಕ್ರಮ

1. ಬಿಚ್ಚುವ ಮುನ್ನ ಕೇಬಲ್‌ಗಳ ದಾರಿಯ ಫೋಟೋ ತೆಗೆದುಕೊಳ್ಳಿ. ನಂತರ ಹ್ಯಾಂಗರ್ ನೇರ ಮಾಡಿಸಿ. ಇದು ಆಗದೆ ಮುಂದಿನದೆಲ್ಲ ವ್ಯರ್ಥ.

2. ಕ್ರ್ಯಾಂಕ್ ಬದಲಿಸುವುದಿದ್ದರೆ ಈಗಲೇ ಮಾಡಿ. ಸಾಮಾನ್ಯ ಬಿಎಸ್‌ಎ ಥ್ರೆಡ್ಡಿನ ಬಾಟಮ್ ಬ್ರ್ಯಾಕೆಟ್‌ನಲ್ಲಿ ಚೈನ್ ಇರುವ ಬಲಗಡೆಯದು ಉಲ್ಟಾ ಥ್ರೆಡ್, ಎಡಗಡೆಯದು ನೇರ. ಜೋರು ಮಾಡಿ ಫ್ರೇಮ್ ಕೆಡಿಸಿಕೊಳ್ಳುವುದು ಇಲ್ಲಿಯೇ.

3. ಶಿಫ್ಟರ್‌ಗಳನ್ನು ಹ್ಯಾಂಡಲಿಗೆ, ಡಿರೇಲರ್‌ಗಳನ್ನು ಫ್ರೇಮಿಗೆ ಕೂರಿಸಿ. ಮುಂದಿನ ಡಿರೇಲರಿನ ಹೊರತಟ್ಟೆ ದೊಡ್ಡ ಹಲ್ಲುಗಾಲಿಗಿಂತ 1ರಿಂದ 3 ಮಿ.ಮೀ. ಮೇಲಿರಲಿ.

4. ಕ್ಯಾಸೆಟ್ ಹಾಕಿ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರ್‌ಗೆ ಬಿಗಿಮಾಡಿ. ಹಲ್ಲುಗಳನ್ನು ಕೈಯಿಂದ ಅಲ್ಲಾಡಿಸಿದರೆ ಅಲುಗಬಾರದು. ಅಲುಗಿದರೆ ಸ್ಪೇಸರ್ ಬಿಟ್ಟುಹೋಗಿದೆ.

5. ಚೈನನ್ನು ಡಿರೇಲರ್ ಮೂಲಕ ಹಾಯಿಸದೆ ಮುಂದಿನ ದೊಡ್ಡದರ ಮತ್ತು ಹಿಂದಿನ ದೊಡ್ಡದರ ಮೇಲೆ ಸುತ್ತಿ, ಕೂಡುವ ಜಾಗಕ್ಕೆ ಎರಡು ಕೊಂಡಿ ಸೇರಿಸಿ ಕತ್ತರಿಸಿ. ಹಳೆಯ ಚೈನಿನ ಪಕ್ಕದಲ್ಲಿ ಹಿಡಿದು ಅಷ್ಟೇ ಉದ್ದಕ್ಕೆ ಕತ್ತರಿಸುವುದು ತಪ್ಪು, ಏಕೆಂದರೆ ಕ್ಯಾಸೆಟ್ ದೊಡ್ಡದಾಗಿದೆ. ಗಿಡ್ಡ ಚೈನ್ ದೊಡ್ಡದು-ದೊಡ್ಡದಕ್ಕೆ ಬಿದ್ದರೆ ಡಿರೇಲರನ್ನೇ ಕಿತ್ತುಕೊಂಡು ಬರುತ್ತದೆ.

6. ಕೇಬಲ್ ಕಟ್ಟುವ ಮುನ್ನವೇ ಡಿರೇಲರಿನ ಚಲನೆಗೆ ಮಿತಿ ಹಾಕುವ ಲಿಮಿಟ್ ಸ್ಕ್ರೂಗಳನ್ನು ಹೊಂದಿಸಿ. ಪೆಡಲ್ ತಿರುಗಿಸುತ್ತ ಡಿರೇಲರನ್ನು ಬೆರಳಿನಿಂದ ಚಕ್ರದ ಕಡೆ ಒತ್ತಿ. ಚೈನ್ ದೊಡ್ಡ ಹಲ್ಲುಗಾಲಿಗೆ ಏರಬೇಕು, ಬೆರಳು ಎಷ್ಟೇ ಒತ್ತಿದರೂ ಅದಕ್ಕಿಂತ ಒಳಗೆ ಸರಿಯಬಾರದು. ಕೇಬಲ್ ಬಿಗಿತದಿಂದ ಲಿಮಿಟ್ ಸರಿಮಾಡಲು ಹೋಗುವವರು ಘಟ್ಟದ ನಡುವೆ ಡಿರೇಲರನ್ನು ಕಡ್ಡಿಗಳಿಗೆ ಸಿಕ್ಕಿಸುತ್ತಾರೆ.

7. ಈಗ ಕೇಬಲ್. ಗೇರಿನ ಔಟರೇ ಬೇರೆ, ಬ್ರೇಕಿನ ಔಟರೇ ಬೇರೆ. ಬ್ರೇಕಿನದರಲ್ಲಿ ತಂತಿ ಸುರುಳಿಯಾಗಿ ಸುತ್ತಿರುತ್ತದೆ, ಗೇರಿನದರಲ್ಲಿ ಎಳೆಗಳು ಉದ್ದಕ್ಕೆ ಹೋಗಿರುತ್ತವೆ. ಗೇರಿನ ಔಟರನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ಅದು ಒಡೆದುಹೋಗಬಹುದು. ಅಂಗಡಿಯಲ್ಲಿ ಮಾಡಿಸಿದರೂ ಇದನ್ನು ನೀವೇ ಕಣ್ಣಾರೆ ನೋಡಿ.

8. ಚಿಕ್ಕ ಹಲ್ಲುಗಾಲಿಯಿಂದ ಒಂದೊಂದೇ ಗೇರು ಏರಿಸುತ್ತ ಬ್ಯಾರೆಲ್ (ಕೇಬಲಿನ ಬಿಗಿತ ಹೊಂದಿಸುವ ತಿರುಪು) ತಿರುಗಿಸಿ ಹೊಂದಿಸಿ. ಹ್ಯಾಂಡಲ್ ಟೇಪ್ ಕೊನೆಗೆ ಸುತ್ತಬೇಕು, ಏಕೆಂದರೆ ಮೊದಲ ಓಟದ ನಂತರ ಲಿವರಿನ ಜಾಗ ಬದಲಿಸಬೇಕೆನಿಸುವುದು ಸಹಜ.

ಹಂತ 10: ಎಚ್ಚರಿಕೆಯ ಲಕ್ಷಣಗಳು

ಮೊದಲ ಓಟ ಮನೆಯ ಹತ್ತಿರವೇ ಇರಲಿ. ಉಣಕಲ್ ಕೆರೆಯವರೆಗೋ ಕೆಲಗೇರಿಯವರೆಗೋ ಹೋಗಿ ಬಂದು ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಹೊಸ ಕೇಬಲ್‌ನ ಔಟರ್ ತುದಿಗಳು ಕೆಲವು ಓಟಗಳಲ್ಲಿ ಒಳಗೆ ಕೂರುವುದರಿಂದ ಗೇರು ತುಸು ಸಡಿಲವಾಗುವುದು ಸಹಜ, ಬ್ಯಾರೆಲ್ ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ಸಹಜವಲ್ಲದ್ದು ಇವು: ದೊಡ್ಡ ಹಲ್ಲುಗಾಲಿಯಲ್ಲಿ ಟಿಕ್ ಟಿಕ್ ಎಂದು ಕಡ್ಡಿಗೆ ತಾಗುವ ಸದ್ದು, ನಿಂತು ತುಳಿದಾಗ ಮಾತ್ರ ಚೈನ್ ಜಾರುವುದು, ಅಂದರೆ ಹೊಸ ಚೈನ್ ಹಳೆಯ ಹಲ್ಲಿನ ಮೇಲೆ ಕೂರುತ್ತಿಲ್ಲ, ಒಂದೇ ದಿಕ್ಕಿನಲ್ಲಿ ಗೇರು ನಿಧಾನವಾಗುವುದು, ಅಂದರೆ ಔಟರಿನೊಳಗೆ ಕೇಬಲ್ ಉಜ್ಜುತ್ತಿದೆ, ಎಡ ಕ್ರ್ಯಾಂಕ್ ಅಲುಗುವುದು. ಕೊನೆಯದು ಕಂಡರೆ ತುಳಿಯದೆ ಇಳಿಯಿರಿ. ಹಾಲೋಟೆಕ್ ಮಾದರಿಯ ಎಡ ಕ್ರ್ಯಾಂಕಿನ ಎರಡು ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ 12ರಿಂದ 14 ನ್ಯೂಟನ್ ಮೀಟರ್‌ಗೆ ಬಿಗಿಮಾಡಬೇಕು, ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಸಡಿಲ ಉಳಿಯುತ್ತದೆ.

ಅಣ್ಣಿಗೇರಿ, ನವಲಗುಂದ ಕಡೆಯ ಹೊಲದ ದಾರಿಗಳಲ್ಲಿ ಮಳೆ ಬಂದ ಮೇಲೆ ಎರೆಮಣ್ಣು ಡಿರೇಲರಿನ ಗಾಲಿಗಳಿಗೆ ಮೆತ್ತಿಕೊಳ್ಳುತ್ತದೆ. ಪೆಡಲ್ ಬಿಗಿಯಾಯಿತೆಂದು ಇನ್ನಷ್ಟು ಬಲ ಹಾಕಿದರೆ ಹೊಸ ಡಿರೇಲರ್ ಹ್ಯಾಂಗರ್ ಸಮೇತ ಮುರಿದು ಚಕ್ರದೊಳಗೆ ಹೋಗುತ್ತದೆ. ಬಿಗಿಯಾದ ಕ್ಷಣವೇ ತುಳಿಯುವುದನ್ನು ನಿಲ್ಲಿಸಿ, ಗಿಡದ ಕಡ್ಡಿಯೊಂದರಿಂದ ಮಣ್ಣು ಕೆರೆದು, ಡಾಂಬರು ರಸ್ತೆ ಸಿಗುವವರೆಗೆ ಸೈಕಲನ್ನು ಹೊತ್ತು ನಡೆಯಿರಿ. ಹೆಚ್ಚುವರಿ ಹ್ಯಾಂಗರ್ ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರಲಿ, ಅದು ಪ್ರತಿ ಫ್ರೇಮಿಗೂ ಬೇರೆ ಬೇರೆಯಾದ್ದರಿಂದ ದಾರಿಯಲ್ಲಿ ಸಿಗುವ ಯಾವ ಅಂಗಡಿಯಲ್ಲಿಯೂ ನಿಮ್ಮದು ಇರುವ ಭರವಸೆಯಿಲ್ಲ.